ಅವನ ನಂಬರಿಗೆ ಬಂದ ಆರು ಅಂಕಿ

ತನ್ನ ಮುಖ ತನ್ನದೇ ಎಂದು ತೋರಿಸಿಕೊಡುವುದಕ್ಕಾಗಿ ಭುವನೇಶ್ವರಿ ಮೂರನೆಯ ಸಲ ಅದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಎರಡೂ ಕೈಯಲ್ಲಿ ಆಧಾರ್ ಕಾರ್ಡನ್ನು ಎದೆಯ ಮುಂದೆ ಹಿಡಿದಿದ್ದಳು. ಪೊಲೀಸ್ ಸ್ಟೇಷನ್ನಿನ ಬೋರ್ಡಿನಲ್ಲಿ ಕಳ್ಳರು ಸ್ಲೇಟು ಹಿಡಿದು ನಿಂತಿರುತ್ತಾರಲ್ಲ, ಹಾಗೆ ಕಾಣುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು; ಗೊತ್ತಿದ್ದೂ ನಿಂತಿದ್ದಳು. "ಕಾರ್ಡ್ ಸ್ವಲ್ಪ ಕೆಳಗೆ ಅಕ್ಕ, ಗದ್ದ ಮುಚ್ತಾ ಇದೆ. ಮುಖ ಸ್ವಲ್ಪ ಸಡಿಲ ಬಿಡಿ, ಯಾರ ಮೇಲೋ ಜಗಳಕ್ಕೆ ನಿಂತಂಗಿದೀರ" ಎಂದಳು ಮೊಬೈಲು ಹಿಡಿದಿದ್ದ ಶರಣ್ಯ. ಜಗಳಕ್ಕೇ ನಿಂತಿದ್ದೇನೆ ಎನ್ನಬೇಕೆನಿಸಿತು ಭುವನೇಶ್ವರಿಗೆ, ಆದರೆ ಯಾರ ಜೊತೆ? ಹೋದ ವಾರ ಫೋಟೊ ಕಳಿಸಿದಾಗ ಮುಖ ಸ್ಪಷ್ಟವಿಲ್ಲ ಎಂದು ವಾಪಸು ಬಂದಿತ್ತು. ಎರಡನೆಯ ಸಲ ಕಾರ್ಡಿನ ಮೇಲೆ ಬೆಳಕು ಬಿದ್ದಿದೆ ಎಂದು ಬಂದಿತ್ತು. ಕಳಿಸಿದವರ ಹೆಸರಿರುವ ಜಾಗದಲ್ಲಿ 'ಸೆಲ್ಲರ್ ವೆರಿಫಿಕೇಶನ್ ಟೀಮ್' ಎಂದಷ್ಟೇ ಇತ್ತು. ಹೆಸರಿಲ್ಲದವರಿಗೆ ತನ್ನ ಹೆಸರು ನಿಜವೋ ಸುಳ್ಳೋ ಎಂದು ಹೇಳುವ ಅಧಿಕಾರ ಎಲ್ಲಿಂದ ಬಂತು ಎಂದು ಅವಳು ವಾರವಿಡೀ ಹೊಲಿಗೆ ಹಾಕುತ್ತಾ ಒಳಗೊಳಗೇ ಬೈದಿದ್ದಳು. ಬೈದಷ್ಟೂ ಸೂಜಿ ಬೆರಳಿಗೆ ಚುಚ್ಚಿತ್ತು.

ನಾಗಸಂದ್ರದ ಆ ಬೀದಿಯಲ್ಲಿ ಶರಣ್ಯಳ ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆ: ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರು ಓದುವ ಅಪ್ಪ ವೆಂಕಟಸುಬ್ಬಯ್ಯ. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ರಿಟೈರಾದವರು. ಅಂಗಡಿಗೆ ಬಂದವರ ಅರ್ಜಿಗಳನ್ನೆಲ್ಲ ತಾವೂ ಒಮ್ಮೆ ಕಣ್ಣಾಡಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. "ಇವತ್ತೇ ಕೊನೇ ದಿನ ಕಣಮ್ಮಾ" ಎಂದು ಅವರು ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದರು. ಹೇಳದಿದ್ದರೆ ಅವಳಿಗೆ ಮರೆತುಹೋಗುತ್ತದೇನೋ ಎಂಬಂತೆ. ಇವತ್ತು ಗುರುತು ಖಾತ್ರಿಯಾಗದಿದ್ದರೆ ಅರ್ಜಿ ರದ್ದು, ಅದೇ ಪ್ಯಾನ್ ನಂಬರಿನಲ್ಲಿ ಮತ್ತೆ ಆರು ತಿಂಗಳು ಅರ್ಜಿ ಹಾಕುವ ಹಾಗಿಲ್ಲ. ಆರು ತಿಂಗಳೆಂದರೆ ಇನ್ನೂ ಆರು ತಿಂಗಳು ಸೀತಾ ಮೇಡಂ.

ಸೀತಾ ಮೇಡಂ ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಮುಖಕ್ಕೆ ಎರಡು ಮಾತು ಅಂದು ಬರಬಹುದಿತ್ತು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಲೈನಿನಲ್ಲಿ ಕೂತು ಕಾಲರು ಹೊಲಿಯುತ್ತಿದ್ದ ಭುವನೇಶ್ವರಿ, ಕಟಿಂಗ್ ಟೇಬಲ್ಲಿನ ಕೆಳಗೆ ಬಿದ್ದ ತುಂಡುಬಟ್ಟೆಯನ್ನು ಸೂಪರ್‌ವೈಸರನ್ನು ಕೇಳಿ ಕೇಳಿ ತಂದು, ರೂಮಿನಲ್ಲಿ ಹೊದೆಯುವ ಕೌದಿ ಹೊಲಿಯತೊಡಗಿದ್ದಳು. ಊರ ಕಡೆ ಹಳೆಯ ಸೀರೆ ಧೋತರ ಹರಿದು ಹೊಲಿಯುತ್ತಾರೆ. ಇಲ್ಲಿ ಪರದೇಶಕ್ಕೆ ಹೋಗುವ ಶರ್ಟುಗಳ ಹೊಸ ತುಂಡು. ಮಾರತ್ತಹಳ್ಳಿಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಸೀತಾ ಮೇಡಂ ಒಂದನ್ನು ನೋಡಿ, "ಎಷ್ಟು ಮುದ್ದಾಗಿದೆ, ನನಗೇ ಕೊಡಿ ಎಲ್ಲಾನೂ" ಎಂದಿದ್ದರು. ಕುರ್ಚಿ ಹಾಕಿ ಕೂರಿಸಿ ಕಾಫಿ ಕೊಟ್ಟಿದ್ದರು. ಒಂದು ದಿನ ಶರಣ್ಯ ಏನನ್ನೋ ಹುಡುಕುತ್ತಾ, "ಅಕ್ಕ, ಇದು ನಿಮ್ಮದರ ಥರಾನೇ ಇದೆ ನೋಡಿ" ಎಂದು ಕಂಪ್ಯೂಟರನ್ನು ಇತ್ತ ತಿರುಗಿಸಿದಳು. ಥರ ಅಲ್ಲ, ಅವಳದೇ. ಎಡಮೂಲೆಯಲ್ಲಿ ಹಸಿರು ಚೌಕಡಿಯ ಪಕ್ಕ ಬಟ್ಟೆ ಸಾಲದೆ ಕಾಲರಿನ ತುಂಡೊಂದನ್ನು ಸೇರಿಸಿದ್ದಳಲ್ಲ, ಅದೂ ಇತ್ತು. ಕೆಳಗೆ ಸೀತಾ ಮೇಡಂ ಹೆಸರು, ಸೀತಾ ಮೇಡಂ ನಗುಮುಖ, ಜೊತೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಏನು ಬರೆದಿದ್ದಾರೆ ಎಂದು ಕೇಳಿದಾಗ ಶರಣ್ಯ ಓದಿ, "ಇದು ನನ್ನ ಅಜ್ಜಿಯಿಂದ ಕಲಿತದ್ದು ಅಂತ ಬರ್ದಿದಾರೆ" ಎಂದಳು. ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕರೂ ಭುವನೇಶ್ವರಿ ನಿಂತುಕೊಂಡೇ ಬಂದಿದ್ದಳು, ಕೂತರೆ ಸಿಟ್ಟು ಇಳಿದುಹೋದೀತು ಎಂಬ ಭಯಕ್ಕೆ. ಮರುದಿನವೇ ಶರಣ್ಯಳ ಮುಂದೆ ಕೂತು, ತನ್ನ ಹೆಸರಿನಲ್ಲೇ ಆನ್‌ಲೈನಿನಲ್ಲಿ ಮಾರುವ ಖಾತೆ ಆಗಬೇಕು ಎಂದಿದ್ದಳು.

ಅಂಗಡಿಗೆ ಏನು ಹೆಸರು ಎಂದು ಕೇಳಿದಾಗ ಬಾಯಿಂದ ಬಂದದ್ದು 'ಮರೆವ್ವ ಕೌದಿ'. ಮರೆವ್ವ ಅವಳ ಅತ್ತೆ. ಬೆರಳು ಸೊಟ್ಟಗಾದ ಮೇಲೂ ದಾರದ ಸಾಲು ಸೊಟ್ಟಗಾಗದಂತೆ ಹೊಲಿಯುತ್ತಿದ್ದ ಹೆಂಗಸು. ಸೊಸೆಯ ಹೊಲಿಗೆ ಸರಿಬರದಿದ್ದರೆ ಮಾತಾಡದೆ ಬಿಚ್ಚಿ ಕೈಗೆ ಕೊಡುತ್ತಿದ್ದಳು. ಎರಡು ವರ್ಷದ ಹಿಂದೆ ಊರಲ್ಲಿ ಅವಳು ಹಾಸಿಗೆ ಹಿಡಿದಾಗ ಭುವನಿಯನ್ನು ಕರೆಸಿ ಎಂದು ಮೂರು ದಿನ ಕೇಳಿದ್ದಳಂತೆ. ಭುವನೇಶ್ವರಿ ಹೋಗಲಿಲ್ಲ. ಹೋದರೆ ಅಲ್ಲಿ ಅವನಿರುತ್ತಿದ್ದ, ಬಿಟ್ಟುಹೋದ ಗಂಡ; ಅವನ ಜೊತೆ ಅವಳೂ ಇರುತ್ತಿದ್ದಳು, ಬೊಮ್ಮಸಂದ್ರದಲ್ಲಿ ಅವನು ಕಟ್ಟಿಕೊಂಡವಳು. ಲೈನಿನಲ್ಲಿ ರಜೆ ಕೊಡಲಿಲ್ಲ ಎಂದು ಫೋನಿನಲ್ಲಿ ಹೇಳಿ ಕೌದಿಯ ಮೇಲೆ ತಲೆ ಬಗ್ಗಿಸಿ ಕೂತಿದ್ದಳು. ಸತ್ತವಳ ಹೆಸರಿಟ್ಟು ವ್ಯಾಪಾರ ಮಾಡುವುದು ಮರ್ಯಾದೆಯೋ ಕಳ್ಳತನವೋ ಅವಳಿಗೇ ತಿಳಿದಿರಲಿಲ್ಲ. ಸೀತಾ ಮೇಡಂ ಇಲ್ಲದ ಅಜ್ಜಿಯನ್ನು ಹುಟ್ಟಿಸಿಕೊಂಡರು, ನಾನು ಇದ್ದ ಅತ್ತೆಯನ್ನು ಸಾಯುವಾಗ ನೋಡದೆ ಈಗ ಬೋರ್ಡಿಗೆ ಏರಿಸುತ್ತಿದ್ದೇನೆ ಎಂದುಕೊಂಡರೆ ಸಿಟ್ಟು ತನ್ನ ಕಡೆಗೇ ತಿರುಗುತ್ತಿತ್ತು. ಅದು ಬೇಡವೆಂದು ಮತ್ತೆ ಸೀತಾ ಮೇಡಂ ಕಡೆಗೆ ತಿರುಗಿಸುತ್ತಿದ್ದಳು.

"ಫೋಟೊ ತಗೊಂಡ್ಬಿಡ್ತು ಅಕ್ಕ!" ಎಂದು ಶರಣ್ಯ ಕೂಗಿದಳು. "ಹಸಿರು ಟಿಕ್ ಬಂತು. ಈಗ ಒಂದು ಓಟಿಪಿ ಬರತ್ತೆ. ಆರು ಅಂಕಿ. ಹಾಕಿದ್ರೆ ಮುಗೀತು. ಹತ್ತು ನಿಮಿಷದೊಳಗೆ ಹಾಕ್ಬೇಕು ಅಷ್ಟೇ."

ಇಬ್ಬರೂ ಮೇಜಿನ ಮೇಲಿದ್ದ ಭುವನೇಶ್ವರಿಯ ಫೋನನ್ನು ನೋಡುತ್ತಾ ಕೂತರು. ಹೋದ ವಾರ ಫೋಟೊ ಕಳಿಸಿದಾಗಲೂ ಎರಡು ಸಲ ಹೀಗೇ ಕಾದಿದ್ದರು, ಬಂದಿರಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಎದ್ದಿದ್ದರು; ಆಮೇಲೆ ಫೋಟೊವೇ ವಾಪಸು ಬಂದಿತ್ತು. ಈಗಲೂ ಬರಲಿಲ್ಲ. ಶರಣ್ಯ ಪರದೆಗೆ ಮುಖ ಹತ್ತಿರ ತಂದು ಏನನ್ನೋ ಓದಿದಳು. ಆಮೇಲೆ ಆಧಾರ್ ಕಾಗದವನ್ನು ಬಿಡಿಸಿ ನೋಡಿದಳು.

"ಅಕ್ಕ, ಸಾರಿ ಅಕ್ಕ. ನಿಮ್ಮ ಆಧಾರಲ್ಲಿ ಪ್ರಿಂಟ್ ಆಗಿರೋ ನಂಬರ್ ನೋಡ್ಕೊಂಡು ಅದನ್ನೇ ಹಾಕ್ಬಿಟ್ಟಿದೀನಿ ನಾನು. ಅದೇ ಹಾಕ್ಬೇಕು ಕೂಡ, ಎರಡೂ ಮ್ಯಾಚ್ ಆಗ್ಬೇಕಲ್ಲ. ಆದ್ರೆ ಇದು ನಿಮ್ಮ ಈ ಫೋನ್ ನಂಬರ್ ಅಲ್ಲ. ಕೊನೇಲಿ ಎರಡು ನಾಲ್ಕು ಅಂತಿದೆ. ಯಾರ್ದು ಇದು?"

ಭುವನೇಶ್ವರಿಯ ಮುಖ ನೋಡಿ ಶರಣ್ಯ ತಾನೇ ಕಣ್ಣು ಕೆಳಗೆ ಹಾಕಿದಳು. ಆಧಾರ್ ಮಾಡಿಸಿದ್ದು ಪೀಣ್ಯದ ಶಾಲೆಯೊಂದರಲ್ಲಿ, ಗಂಡ ಹೆಂಡತಿ ಜೋಡಿಯಾಗಿ ಸಾಲಿನಲ್ಲಿ ನಿಂತು. ಅವಳಿಗೆ ಆಗ ಫೋನಿರಲಿಲ್ಲ. ಮೊಬೈಲ್ ನಂಬರ್ ಎಂದು ಕೇಳಿದಾಗ ಕೊಟ್ಟದ್ದು ಅವನದು. ಅವಳೊಬ್ಬಳೇ ಅಲ್ಲ, ಆ ಸಾಲಿನಲ್ಲಿದ್ದ ಹೆಂಗಸರೆಲ್ಲ, ಬಸಮ್ಮ, ಸಿದ್ದಮ್ಮ, ಬಾಡಿಗೆ ರೂಮಿನ ಎಂಟು ಮನೆಯವರೂ ಗಂಡನದೋ ಮಗನದೋ ನಂಬರು ಕೊಟ್ಟು ನಗುತ್ತಾ ಬಂದಿದ್ದರು. ಮನೆಗೊಂದು ಫೋನು, ಅದು ಗಂಡಸಿನ ಜೇಬಿನಲ್ಲಿ. ಇದರಲ್ಲಿ ಯೋಚಿಸುವಂಥದ್ದು ಏನೂ ಕಂಡಿರಲಿಲ್ಲ. ಅವನು ಬಿಟ್ಟುಹೋದ ಮೇಲೆ ಅವನ ಅಂಗಿ ಬನೀನುಗಳನ್ನೆಲ್ಲ ಕತ್ತರಿಸಿ ಕೌದಿಯ ಒಳಪದರಕ್ಕೆ ಹಾಕಿ ಹೊಲಿದಿದ್ದಳು, ಗೋಡೆಯ ಫೋಟೊ ತೆಗೆದು ಟ್ರಂಕಿನ ತಳಕ್ಕೆ ತಳ್ಳಿದ್ದಳು. ಎಲ್ಲಾ ಕಿತ್ತುಹಾಕಿದೆ ಎಂದುಕೊಂಡಿದ್ದಳು ನಾಲ್ಕು ವರ್ಷ.

"ಇನ್ನೊಂದು ನಂಬರ ಹಾಕಾಕ ಬರೂದಿಲ್ಲೇನು ತಂಗಿ?"

"ಆಧಾರಲ್ಲಿ ಚೇಂಜ್ ಮಾಡಿಸ್ಬೇಕು. ಸೆಂಟರಿಗೆ ಹೋಗಿ ಬೆರಳು ಒತ್ತಿ ಕೊಟ್ರೆ ಒಂದು ವಾರ ಆಗತ್ತೆ. ಅಷ್ಟರೊಳಗೆ ಇದು ಕ್ಲೋಸ್."

ಕುರ್ಚಿಯಿಂದ ವೆಂಕಟಸುಬ್ಬಯ್ಯ ಪೇಪರು ಮಡಚಿದರು. "ಗಂಡನ ನಂಬರಿಗೆ ಹೋಗಿದೆ, ಅಷ್ಟೇ ತಾನೆ? ಫೋನ್ ಮಾಡಿ ಕೇಳಿದ್ರಾಯ್ತು. ಇದೇನು ದೊಡ್ಡ ವಿಷಯ? ನೀನು ಸಂಕೋಚ ಪಡೋದಾದ್ರೆ ನಾನು ಮಾತಾಡ್ತೀನಿ ಕೊಡಮ್ಮಾ. ಗಂಡಸರು ಗಂಡಸರು ಮಾತಾಡಿದ್ರೆ ಬೇಗ ಮುಗಿಯತ್ತೆ. ಏನು ಅವರ ಹೆಸರು?"

ಅವಳು ಬಾಯಿ ಬಿಗಿ ಹಿಡಿದಳು. ಗಂಡನ ಹೆಸರು ಹೇಳಬಾರದು ಎಂಬ ಊರಿನ ಪದ್ಧತಿ ಎಂದುಕೊಂಡು ಅವರು ಮೆಚ್ಚಿಗೆಯಿಂದ ನಕ್ಕರು, "ಈಗಿನ ಕಾಲದಲ್ಲೂ ನೋಡೇ ಶರಣ್ಯ" ಎಂದು ಮಗಳಿಗೂ ತೋರಿಸಿದರು. ಆ ಮೆಚ್ಚಿಗೆ ಅವಳ ಮೈಯನ್ನು ಉರಿಸಿತು. ನಾಲ್ಕು ವರ್ಷದಿಂದ ಅವನ ಹೆಸರು ಎತ್ತದೆ ಇದ್ದದ್ದು ಅವಳು ಅವನಿಗೆ ಕೊಟ್ಟ ಶಿಕ್ಷೆ. ಅವಳ ಕೈಯಲ್ಲಿದ್ದ ಶಿಕ್ಷೆ ಅದೊಂದೇ. ಅದನ್ನು ನೋಡಿದವರೆಲ್ಲ, ಮನೆ ಮಾಲಕಿ ಪಿಳ್ಳಮ್ಮನಿಂದ ಹಿಡಿದು, ಎಂಥಾ ಗರತಿ ಎಂದುಕೊಳ್ಳುತ್ತಿದ್ದರು. ಪಿಳ್ಳಮ್ಮನಿಗೆ ಅವಳೇ ಹೇಳಿದ್ದಳು, ನಮ್ಮನೆಯವರು ಬೊಮ್ಮಸಂದ್ರದ ಕಂಪನಿಯಲ್ಲಿದ್ದಾರೆ, ಶಿಫ್ಟು, ಬಂದು ಹೋಗುವುದು ಕಷ್ಟ ಎಂದು. ಒಂಟಿ ಹೆಂಗಸಿಗೆ ರೂಮು ಕೊಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವನನ್ನು ಪ್ರತಿ ತಿಂಗಳೂ ಬಾಯಲ್ಲಿ ದುಡಿಸುತ್ತಿದ್ದಳು, ಓವರ್‌ಟೈಮು ಮಾಡಿಸುತ್ತಿದ್ದಳು.

"ನಾನ ಮಾತಾಡ್ತೀನ್ರಿ ಸರ" ಎಂದಳು. ಶರಣ್ಯ ಕಾಗದ ನೋಡಿ ನಂಬರು ಒತ್ತಿ ಫೋನು ಕೈಗಿಟ್ಟಳು. ಎಂಟು ನಿಮಿಷ ಇದೆ ಎಂದು ಬೆರಳಲ್ಲಿ ತೋರಿಸಿದಳು.

ಎರಡನೆಯ ರಿಂಗಿಗೇ ಎತ್ತಿದ. ಹಿಂದೆ ಗಂಡಸರ ಮಾತು, ಗ್ಲಾಸಿನ ಸದ್ದು, ಬಸ್ಸಿನ ಹಾರ್ನು. ಶಿಫ್ಟ್ ಬಿಟ್ಟು ಚಾದಂಗಡಿಯಲ್ಲಿದ್ದ.

"ಓಟಿಪಿ ಬೇಕೇನು?" ಎಂದ.

ಅವಳಿನ್ನೂ ಹಲೋ ಕೂಡ ಅಂದಿರಲಿಲ್ಲ.

"ಈಗ ಬಂತು ನೋಡು, ನಿನ್ನ ಮೊದಲ ಅದ ಬಂತು. ಹ್ವಾದ ವಾರನೂ ಎರಡ ಸಲ ಬಂದಿತ್ತು. ಫೋನ್ ಮಾಡ್ತಾಳ, ಮಾಡ್ತಾಳ ಅಂತ ನಾ ಕಾದೆ. ಮಾಡಲಿಲ್ಲ ನೀ. ಗ್ಯಾಸ್ ಬುಕ್ ಮಾಡಿದರೂ ನನಗ ಬರ್ತೈತಿ ಭುವನಿ. ಬ್ಯಾಂಕಿನಾಗ ಆಧಾರ ಕೊಟ್ಟಿದ್ದೆಲ್ಲ, ಅದೂ ಬರ್ತೈತಿ. ಪಂಚಮಿ ಮುಂದ ಜಲ್ದಿ ಸಿಲಿಂಡರ್ ತಗೊಂಡಿ, ಉಂಡಿ ಗಿಂಡಿ ಕಟ್ಟಿರಬೇಕು ಅಂದ್ಕೊಂಡೆ."

ಅವನ ದನಿಯಲ್ಲಿ ಬೈಗುಳವಿರಲಿಲ್ಲ. ಪಕ್ಕದ ಮನೆಯ ಸುದ್ದಿ ಹೇಳುವಷ್ಟು ಹಗುರಾಗಿತ್ತು. ಬಿಟ್ಟುಹೋದವನು ಎಂದು ಅವಳು ಅಂದುಕೊಂಡವನು ನಾಲ್ಕು ವರ್ಷವೂ ಅವಳ ಒಲೆಯ ಮುಂದೆಯೇ ಕೂತಿದ್ದ, ಗ್ಯಾಸು ಎಷ್ಟು ದಿನ ಬಂತು ಎಂದು ಲೆಕ್ಕ ಇಡುತ್ತಿದ್ದ. ಇವಳ ಪಂಚಮಿಯ ಉಂಡಿ ಅವನಿಗೆ ಗೊತ್ತು. ಅವನ ಬದುಕಿನ ಒಂದು ತುತ್ತೂ ಇವಳಿಗೆ ಗೊತ್ತಿಲ್ಲ. ಹಾದರ ಮಾಡಿದವನು ಅವನು, ಬಾಗಿಲು ತೆರೆದಿಟ್ಟುಕೊಂಡು ಬದುಕಿದವಳು ತಾನು.

"ನಂಬರ ಹೇಳು" ಎಂದಳು.

"ಹೇಳ್ತೀನಿ, ಹೇಳದ ಏನು. ಸ್ಪೀಕರ್ ಹಾಕೀನಿ, ನಮ್ಮ ಮಂದಿ ಕುಂತಾರ ಇಲ್ಲೆ. ಯಾರಿಗೆ ಫೋನ್ ಮಾಡೀದಿ ಅಂತ ಅವರಿಗೂ ತಿಳೀಲಿ. ನನ್ನ ಹೆಸರು ಹೇಳು. ಹಂಗ ಅಲ್ಲ, ಒಡಪು ಹಾಕಿ ಹೇಳು. ಮದುವ್ಯಾಗ ಹೇಳಿದ್ದೆಲ್ಲ, ಅದನ್ನ."

"ತಮಾಷಿ ಬ್ಯಾಡ. ಟೈಮ್ ಇಲ್ಲ."

"ನಮ್ಮವ್ವನ ಹೆಸರು ಇಟ್ಟು ಅಂಗಡಿ ತಗದೀದಿ, ಮೆಸೇಜಿನಾಗ ಓದೀನಿ ನಾ. ಆಕಿ ಸಾಯೂವಾಗ ಬರಲಿಲ್ಲ ನೀ. ಅವ್ವನ ಹೆಸರು ಬೇಕು, ಮಗನ ಹೆಸರು ಬ್ಯಾಡ ಹೌದಿಲ್ಲೊ?" ಹಿಂದೆ ಯಾರೋ ನಕ್ಕರು. ಇನ್ಯಾರೋ, "ಬಿಡೋ ಮಾರಾಯ, ಪಾಪ" ಎಂದರು. "ಐದು ನಿಮಿಷ" ಎಂದು ಶರಣ್ಯ ಉಸಿರಿನಲ್ಲೇ ಹೇಳಿದಳು. ಜೆರಾಕ್ಸಿಗೆ ಬಂದಿದ್ದ ಯಾವುದೋ ಗಂಡಸು ಕಾಗದ ಹಿಡಿದುಕೊಂಡು ಹೋಗದೆ ನಿಂತಿದ್ದ.

ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ಕಟ್ ಮಾಡಿಬಿಡಬಹುದು. ಕಟ್ ಮಾಡಿದರೆ ಆರು ತಿಂಗಳು, ಸೀತಾ ಮೇಡಂ ಅಜ್ಜಿಗೆ ಇನ್ನೂ ನಲವತ್ತು ಕೌದಿ. ಅವ್ವ ಸಾಯುವಾಗ ಬರಲಿಲ್ಲ ಎಂದು ಅವನು ಅಂದದ್ದು ನಿಜವಾಗಿತ್ತು, ಅದಕ್ಕೇ ಅವಳಿಗೆ ಅವನನ್ನು ಕೊಲ್ಲಬೇಕೆನಿಸಿತು. ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡ ನಿಂತಿದ್ದರು ನಾದಿನಿಯರು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು. ಹದಿನೆಂಟರ ಹುಡುಗಿ ತಲೆ ತಗ್ಗಿಸಿ, ಕಳ್ಳನಗು ಅದುಮಿಕೊಂಡು, ವಾರದಿಂದ ಒಬ್ಬಳೇ ಹಿತ್ತಲಲ್ಲಿ ಹೇಳಿ ಹೇಳಿ ಕಲಿತ, ಗಂಡನ ಹೆಸರು ಹೆಣೆದ ಒಡಪನ್ನು ಹೇಳಿದ್ದಳು. ಅವನು ಪಕ್ಕದಲ್ಲಿ ನಿಂತು ಬಾಸಿಂಗದ ಕೆಳಗೆ ಬೆವರುತ್ತಿದ್ದ. ಅದನ್ನು ಹೇಳಿದಾಗ ಅವನು ಹೇಗೆ ನೋಡಿದ್ದ ಎಂಬುದು ಕೂಡ ನೆನಪಿತ್ತು, ಅದನ್ನು ಕತ್ತರಿಸಿ ಯಾವ ಕೌದಿಯ ಒಳಗೂ ಹಾಕಲು ಆಗಿರಲಿಲ್ಲ.

"ತಾಮ್ರದ ಕೊಡಕ್ಕ ಬೆಳ್ಳಿಯ ಮುಚ್ಚಳ, ತಲಬಾಗಿಲಿಗೆ ಮಾವಿನ ತಳಿರ" ಎಂದು ಶುರುಮಾಡಿದಳು. ಒರಟಾಗಿ, ಉಗಿದ ಹಾಗೆ ಹೇಳಬೇಕೆಂದುಕೊಂಡಿದ್ದಳು. ಆದರೆ ಒಡಪು ತನ್ನ ರಾಗವನ್ನು ತಾನೇ ತಂದುಕೊಂಡಿತು. ದನಿ ಎಲ್ಲಿ ಏಳಬೇಕೋ ಅಲ್ಲಿ ಎದ್ದಿತು, ಎಲ್ಲಿ ಬಾಗಬೇಕೋ ಅಲ್ಲಿ ಬಾಗಿತು. "ಹನುಮೇಶ ಅವರ ಹೆಸರು ಹೇಳ್ತೀನಿ, ದಾರಿ ಬಿಟ್ಟು ಸರೀರಿ ಎಲ್ಲಾರ."

ಆ ಕಡೆ ಗಂಡಸರು ಹೋ ಎಂದರು, ಒಬ್ಬ ಸೀಟಿ ಹೊಡೆದ. ಈ ಕಡೆ ವೆಂಕಟಸುಬ್ಬಯ್ಯ, "ಆಹಾ, ಎಷ್ಟು ಚೆನ್ನಾಗಿ ಹೇಳಿದೆಯಮ್ಮಾ" ಎಂದರು, ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಶರಣ್ಯ ಮಾತ್ರ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು ಆರು ಅಂಕಿಗಳನ್ನು ಒಂದೊಂದಾಗಿ, ಯಾವ ಕೀಟಲೆಯೂ ಇಲ್ಲದೆ ಹೇಳಿದ. ಅವಳು ಅವನ್ನು ಹಾಗೆಯೇ ಶರಣ್ಯಳಿಗೆ ದಾಟಿಸಿದಳು. ಆಮೇಲೆ, "ಚೊಲೋ ಆಗಲಿ. ಮುಂದನೂ ಬರ್ತಾವಲ್ಲ ಮೆಸೇಜು, ಫೋನ್ ಮಾಡ್ತಿರು" ಎಂದ. ಅವಳು ಕಟ್ ಮಾಡಿದಳು.

ಪರದೆಯಲ್ಲಿ ಹಸಿರು ಬಣ್ಣದಲ್ಲಿ ಏನೋ ಬಂತು. "ಆಗೋಯ್ತು ಅಕ್ಕ, ವೆರಿಫೈಡ್!" ಎಂದು ಶರಣ್ಯ ಅವಳ ಕೈ ಹಿಡಿದಳು. ಒಳಗಿನಿಂದ ಸಕ್ಕರೆ ತರಿಸಿ ವೆಂಕಟಸುಬ್ಬಯ್ಯ ಎಲ್ಲರಿಗೂ ಕೊಟ್ಟರು, ಜೆರಾಕ್ಸಿನ ಗಂಡಸಿಗೂ. ಭುವನೇಶ್ವರಿ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡಳು. ಮೂರು ವಾರ ಇದೇ ಒಂದು ಹಸಿರು ಬಣ್ಣಕ್ಕಾಗಿ ನಿದ್ದೆಗೆಟ್ಟಿದ್ದಳು, ಈಗ ಅದು ಎದುರಿಗಿದೆ, ಅವಳಿಗೆ ಕೇಳುತ್ತಿರುವುದು ತನ್ನ ದನಿ ಮಾತ್ರ: ಎದ್ದು, ಬಾಗಿ, ನಾಚಿದ ದನಿ. ನಾಲ್ಕು ವರ್ಷದ ಸಿಟ್ಟನ್ನೆಲ್ಲ ಒಳಗೆ ಇಟ್ಟುಕೊಂಡ ಗಂಟಲು ಅಷ್ಟು ಇಂಪಾಗಿ ಹೇಗೆ ಹೇಳಿತು? ಅವನ ಮೇಲಿನ ಸಿಟ್ಟು ಹಳೆಯದು, ಅದರ ಜೊತೆ ಬದುಕಿ ರೂಢಿಯಾಗಿತ್ತು. ಗಂಟಲ ಮೇಲಿನ ಈ ಸಿಟ್ಟು ಹೊಸದು.

"ನಂಬರ ಬದಲಿ ಮಾಡೂ ಸೆಂಟರ ಎಲ್ಲೈತಿ?" ಎಂದಳು.

"ಮುಗೀತಲ್ಲ ಅಕ್ಕ ಇವತ್ತಿಗೆ, ನಿಧಾನಕ್ಕೆ ಹೋಗಿ."

"ಈಗ."

ಮೆಟ್ರೋ ಸ್ಟೇಷನ್ನಿನ ಆಚೆ ಒಂದು ಬ್ಯಾಂಕಿನ ಮೂಲೆಯಲ್ಲಿ ಅದಿತ್ತು. ಟೋಕನ್ನು ಮೂವತ್ತೊಂದು. ಬಿಸಿಲಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು, ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಇಟ್ಟುಕೊಂಡು ಕೂತಿದ್ದರು. ಅವಳು ಊಟ ಮಾಡದೆ ನಾಲ್ಕು ಗಂಟೆಯವರೆಗೆ ಕಾದಳು. ಕಾದಷ್ಟು ಹೊತ್ತೂ ಸಿಟ್ಟು ಇಳಿಯದಂತೆ ನೋಡಿಕೊಂಡಳು. ಕೊನೆಗೆ ಕರೆದರು. ಕೌಂಟರಿನ ಯುವಕ ಕಾರ್ಡು ತೆಗೆದುಕೊಂಡು ಕಂಪ್ಯೂಟರು ನೋಡಿ, "ಮೊಬೈಲ್ ಅಪ್‌ಡೇಟ್ ಅಷ್ಟೇ ಅಲ್ವಾ ಮೇಡಂ? ನಿಮ್ಮ ನಂಬರ್ ಹೇಳಿ" ಎಂದ.

ಅವಳು ಹತ್ತು ಅಂಕಿಗಳನ್ನು ತಡವರಿಸದೆ ಹೇಳಿದಳು. ಅವನು ಒತ್ತಿದ. ಮತ್ತೆ ಪರದೆ ನೋಡಿದ.

"ಮೇಡಂ, ಕೊನೇಲಿ ಎರಡು ನಾಲ್ಕು. ಇದು ಹಳೇ ನಂಬರೇ ಅಲ್ವಾ? ಇರೋದನ್ನೇ ಹೇಳ್ತಿದೀರ. ಹೊಸದು ಹೇಳಿ."

ಕಿವಿಯ ತುದಿಯವರೆಗೆ ಬಿಸಿಯೇರಿತು. "ತಗೀರಿ ಅದನ್ನ, ಅಳಸ್ರಿ!" ಎಂದು ಕಿರುಚಿದಳು. ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಯುವಕ ಗಾಬರಿಯಾಗಿ ಅಳಿಸಿ, ಬೆರಳನ್ನು ಕೀಬೋರ್ಡಿನ ಮೇಲೆ ಹಿಡಿದು ಕಾದ. ಅವಳು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂರು ವರ್ಷದಿಂದ ಕೈಯಲ್ಲಿರುವ ಫೋನು. ತನ್ನ ನಂಬರಿಗೆ ತಾನೇ ಯಾವತ್ತೂ ಫೋನ್ ಮಾಡಿರಲಿಲ್ಲ, ಕೇಳಿದವರಿಗೆ ಮಿಸ್ಡ್ ಕಾಲ್ ಕೊಟ್ಟು ಮುಗಿಸಿದ್ದಳು.

"ನನ್ನ ನಂಬರ ನನಗ ಗೊತ್ತಿಲ್ಲ" ಎಂದಳು. ಹೇಳುವಾಗ ದನಿ ತಗ್ಗಿಸಲಿಲ್ಲ.

"ಪರ್ವಾಗಿಲ್ಲ ಮೇಡಂ, ನನ್ನ ಫೋನಿಗೆ ಒಂದು ರಿಂಗ್ ಕೊಡಿ." ಅವನು ತನ್ನ ನಂಬರು ಹೇಳಿದ, ಅವಳು ಒತ್ತಿದಳು, ಮೇಜಿನ ಮೇಲೆ ಅವನ ಫೋನು ಬಡಬಡಿಸಿತು. ಅದನ್ನೆತ್ತಿಕೊಂಡು ಅವನು ಓದುತ್ತಾ ಟೈಪ್ ಮಾಡತೊಡಗಿದ.

"ಜೋರಾಗಿ ಓದ್ರಿ" ಎಂದಳು. ಅವನು ಒಂದೊಂದೇ ಅಂಕಿ ಓದಿದ, ಅವಳು ಅವನ ಹಿಂದೆಯೇ ಒಂದೊಂದನ್ನೂ ಗಟ್ಟಿಯಾಗಿ ಹೇಳಿದಳು, ಹತ್ತೂ ಮುಗಿಯುವವರೆಗೆ. ಬೆರಳು ಒತ್ತಿಸಿಕೊಂಡು, ರಸೀದಿ ಕೊಟ್ಟು, ಮುಂದಿನ ಟೋಕನ್ ಎಂದು ಅವನು ಕರೆದ. ಅವಳು ಕೌಂಟರು ಬಿಟ್ಟು ಸರಿಯಲಿಲ್ಲ.

"ಇನ್ನೊಮ್ಮೆ ಓದ್ರಿ" ಎಂದಳು.